ನಾಟಕಗೃಹದ ನೆರೆಯ ಊಟದ ಮನೆ: ಗ್ರಾಂಟ್ ರೋಡಿನಿಂದ ದಹಿಸರದವರೆಗೆ

ಒಂದು ನಗರದ ರಂಗಭೂಮಿಯ ಚರಿತ್ರೆಯನ್ನು ಬರೆಯುವವರು ನಾಟಕಕಾರರನ್ನೂ ನಟರನ್ನೂ ಕಂಪನಿಗಳ ಒಡೆಯರನ್ನೂ ಕುರಿತು ವಿಸ್ತಾರವಾಗಿ ಬರೆಯುತ್ತಾರೆ. ಹೆಚ್ಚೆಂದರೆ ನಾಟಕಗೃಹದ ಕಟ್ಟಡದ ಮಾತನ್ನೂ ಎತ್ತುತ್ತಾರೆ. ಪ್ರೇಕ್ಷಕನು ಆಟಕ್ಕೆ ಮೊದಲು ಎಲ್ಲಿ ಉಂಡನು, ಆಟ ಮುಗಿದ ಮೇಲೆ ಯಾರ ಬಾಗಿಲು ಅವನಿಗಾಗಿ ತೆರೆದಿದ್ದಿತು ಎಂಬುದು ಚರಿತ್ರೆಯ ಪ್ರಶ್ನೆಯೆಂದು ಅವರಿಗೆ ತೋರುವುದಿಲ್ಲ. ಆದರೆ ದಹಿಸರದಲ್ಲಿ ವಾಸಿಸುವ ಕನ್ನಡ ಕುಟುಂಬವೊಂದು ದಾದರಿನ ನಾಟಕಕ್ಕೆ ಹೋಗಿಬರುವ ಬಗೆಯನ್ನು ಗಮನಿಸಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ರಾತ್ರಿ ಎಂಟರ ಸುಮಾರಿಗೆ ಏಳುವ ತೆರೆಯು ಹನ್ನೊಂದರ ಸುಮಾರಿಗೆ ಬೀಳುತ್ತದೆ. ಅಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ಮನೆಯಲ್ಲಿ ಉಂಡು ಹೊರಡೋಣವೆಂದರೆ ಹೊತ್ತು ಮುಂಚೆ; ಮರಳಿ ಬಂದು ಉಣ್ಣೋಣವೆಂದರೆ ನಡುರಾತ್ರಿ. ನಾಟಕಗೃಹದ ನೆರೆಯಲ್ಲಿ ನಂಬತಕ್ಕ, ಕೈಗೆಟುಕುವ ಉಪಾಹಾರಗೃಹವೊಂದು ಇಲ್ಲದಿದ್ದರೆ ಆ ಕುಟುಂಬವು ನಾಟಕಕ್ಕೆ ಹೋಗುವುದನ್ನೇ ಕ್ರಮೇಣ ಬಿಟ್ಟುಬಿಡುತ್ತದೆ.

ಆಟ, ಗಾಡಿ, ಊಟ ಎಂಬ ಮೂರರ ಹೊಂದಾಣಿಕೆಯ ಮೇಲೆ ಮುಂಬಯಿಯ ರಂಗಭೂಮಿ ಬೆಳೆದುಬಂದಿದೆ. ಈ ಮೂರೂ ಕಾಲ್ನಡಿಗೆಯ ಅಂತರದಲ್ಲಿ ಕೂಡಿದ ಕಡೆ ನಾಟಕದ ಬೀದಿ ನೆಲೆಗೊಂಡಿತು. ಈ ಮೂರರಲ್ಲಿ ಊಟದ ಹೊಣೆಯ ದೊಡ್ಡ ಪಾಲನ್ನು ಇಪ್ಪತ್ತನೆಯ ಶತಮಾನದಲ್ಲಿ ಹೊತ್ತವರು ಕರ್ನಾಟಕದ ಕರಾವಳಿಯಿಂದ ಬಂದ ಜನ. ಆದುದರಿಂದ ಈ ವಿಷಯವು ಮುಂಬಯಿ ಕನ್ನಡಿಗರ ಚರಿತ್ರೆಯ ಒಂದು ಅಧ್ಯಾಯವೂ ಆಗಿದೆ.

ಕೋಟೆಯೊಳಗಿನ ಆಂಗ್ಲರಿಗಾಗಿ 1776ರಲ್ಲಿಯೇ ಮುಂಬಯಿಯಲ್ಲಿ ನಾಟಕಗೃಹವೊಂದು ಏರ್ಪಟ್ಟಿತ್ತಾದರೂ ಊರಿನ ಜನಕ್ಕೆ ಅದರ ಸಂಬಂಧ ಅಲ್ಪವಾಗಿತ್ತು. ಜಗನ್ನಾಥ ಶಂಕರಶೇಟರು ಕೊಟ್ಟ ನಿವೇಶನದಲ್ಲಿ 1846ರಲ್ಲಿ ತೆರೆದ ಗ್ರಾಂಟ್ ರೋಡಿನ ನಾಟಕಗೃಹದಿಂದ ಹೊಸ ಯುಗವೊಂದು ಮೊದಲಾಯಿತು. ಈ ಯುಗದ ಬೇರಿನಲ್ಲಿ ಕನ್ನಡ ನಾಡಿನ ಅಂಶವೊಂದುಂಟು. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವು 1842ರಲ್ಲಿ ಸಾಂಗಲಿಗೆ ಹೋಗಿ ಆಡಿದ ಆಟಗಳನ್ನು ಕಂಡು ಅಲ್ಲಿಯ ಸಂಸ್ಥಾನಿಕರು ತಮ್ಮ ಆಶ್ರಿತರಾದ ವಿಷ್ಣುದಾಸ ಭಾವೆಯವರಿಗೆ ಮರಾಠಿಯಲ್ಲಿ ಅಂಥ ಆಟವನ್ನು ರಚಿಸಲು ಅಪ್ಪಣೆಯಿತ್ತರು. 1843ರಲ್ಲಿ ಸಾಂಗಲಿಯಲ್ಲಿ 'ಸೀತಾ ಸ್ವಯಂವರ' ಹುಟ್ಟಿತು. ಹತ್ತು ವರ್ಷಗಳ ಅನಂತರ, 1853ರಲ್ಲಿ, ಭಾವೆಯವರ ಮಂಡಳಿಯು ಗ್ರಾಂಟ್ ರೋಡಿನಲ್ಲಿ ಆಡಿತು. ಅದೇ ವರ್ಷ ಪಾರಸಿ ನಾಟಕ ಮಂಡಳಿಯೂ ಅಲ್ಲಿ ರಂಗವನ್ನೇರಿತು. ಮುಂದೆ ಸುತ್ತಮುತ್ತ ಹಲವು ನಾಟಕಗೃಹಗಳೆದ್ದು ಆ ಕೇರಿಗೇ 'ಪ್ಲೇ ಹೌಸ್' ಎಂಬ ಹೆಸರು ಬಿದ್ದು, ಜನರ ನಾಲಗೆಯಲ್ಲಿ ಅದು 'ಪಿಲಾ ಹೌಸ್' ಆಯಿತು.

ಆ ಕಾಲದ ಆಟವು ರಾತ್ರಿ ಊಟದ ಹೊತ್ತಿನ ಮೇಲೆ ಮೊದಲಾಗಿ ಬಹಳ ಹೊತ್ತಿನವರೆಗೆ, ಕೆಲವೊಮ್ಮೆ ಬೆಳಗಿನ ಜಾವದವರೆಗೂ, ನಡೆಯುತ್ತಿತ್ತು. ನಟರ ಊಟಕ್ಕೆ ಚಿಂತೆಯಿರಲಿಲ್ಲ. ನಾಟಕ ಕಂಪನಿಗಳು ತಮ್ಮ ಬಿಡಾರದಲ್ಲಿಯೇ ಅಡಿಗೆಯವರನ್ನಿಟ್ಟುಕೊಂಡು ಒಟ್ಟಿಗೆ ಪಂಕ್ತಿ ಹಾಕಿಸುತ್ತಿದ್ದವು. ಚಿಂತೆಯೆಲ್ಲ ಪ್ರೇಕ್ಷಕನದು. 1867ರಲ್ಲಿ ವಿರಾರಿನಿಂದ ಮುಂಬಯಿಗೆ ಉಪನಗರದ ಗಾಡಿ ಓಡತೊಡಗಿದರೂ ಅದು ದಿನಕ್ಕೊಂದೇ ಸಲ ಹೋಗಿಬರುವ ಗಾಡಿಯಾಗಿತ್ತು. 1874ರಲ್ಲಿ ಕುದುರೆ ಟ್ರಾಮು ಬಂದಿತು. 1907ರಲ್ಲಿ ವಿದ್ಯುತ್ ಟ್ರಾಮು. ಇವು ಊರೊಳಗಿನವರಿಗೆ ಮಾತ್ರ ನೆರವಾದವು. ಆದುದರಿಂದ ಪಿಲಾ ಹೌಸಿನ ಪ್ರೇಕ್ಷಕನು ಬಹುಮಟ್ಟಿಗೆ ಸಮೀಪದ ಚಾಳುಗಳವನು, ಇಲ್ಲವೆ ಬೆಳಗಿನವರೆಗೆ ಅಲ್ಲಿಯೇ ಹೊತ್ತು ಕಳೆಯುವವನು.

ಹೀಗೆ ಹೊತ್ತು ಕಳೆಯುವವನಿಗೆ ಆಶ್ರಯವಾದುದು ಇರಾಣಿಯ ಅಂಗಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಇಪ್ಪತ್ತನೆಯದರ ಆರಂಭದಲ್ಲಿಯೂ ಬಂದ ಇರಾಣಿಗಳು ಬೀದಿಯ ಮೂಲೆಯ ಮಳಿಗೆಗಳನ್ನು ಹಿಡಿದು, ಅಮೃತಶಿಲೆಯ ಮೇಜು, ಬಾಗುಮರದ ಕುರ್ಚಿಗಳನ್ನಿಟ್ಟು ಚಹ, ಬೆಣ್ಣೆ ಸವರಿದ ಬನ್ನು, ಮಾವಾ ಕೇಕುಗಳನ್ನು ಮಾರಿದರು. ಧೋಬಿ ತಲಾವಿನ ಕಯಾನಿಯವರ ಅಂಗಡಿ 1904ರದು. ಗ್ರಾಂಟ್ ರೋಡ್ ನಿಲ್ದಾಣದ ಬಳಿಯ ಮೆರ್ವಾನರದು 1914ರಲ್ಲಿ ಹುಟ್ಟಿದುದು. ಇವುಗಳ ಇನ್ನೊಂದು ಗುಣವನ್ನು ಮರೆಯಲಾಗದು. ಆಗಿನ ಖಾನಾವಳಿಗಳೂ ಫಲಾಹಾರ ಮಂದಿರಗಳೂ ಜಾತಿಯ ಹೆಸರಿನ ಫಲಕ ಹೊತ್ತು ಬಾಗಿಲಲ್ಲೇ ಜನರನ್ನು ಆರಿಸುತ್ತಿದ್ದ ದಿನಗಳಲ್ಲಿ ಇರಾಣಿಯ ಮೇಜು ಬಹುಮಟ್ಟಿಗೆ ಎಲ್ಲರದಾಗಿತ್ತು. ಮುಂದೆ 1950ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ ಹದಿನೈದನೆಯ ವಿಧಿಯಲ್ಲಿ ಅಂಗಡಿ, ಭೋಜನಶಾಲೆ, ಹೋಟೆಲು, ಸಾರ್ವಜನಿಕ ಮನರಂಜನೆಯ ಸ್ಥಳಗಳನ್ನು ಒಂದೇ ಉಸಿರಿನಲ್ಲಿ ಹೆಸರಿಸಿ, ಇವುಗಳ ಪ್ರವೇಶಕ್ಕೆ ಜಾತಿಮತಗಳ ಅಡ್ಡಿಯಿರಕೂಡದೆಂದು ವಿಧಿಸಿತು. ಊಟದ ಮನೆಯೂ ಆಟದ ಮನೆಯೂ ನಾಗರಿಕ ಸಮಾನತೆಯ ಒಂದೇ ಪರೀಕ್ಷೆಯ ಎರಡು ಬಾಗಿಲುಗಳೆಂಬುದನ್ನು ಸಂವಿಧಾನವನ್ನು ರಚಿಸಿದವರು ಬಲ್ಲವರಾಗಿದ್ದರು.

1911ರಲ್ಲಿ ಐದನೆಯ ಜಾರ್ಜ್ ದೊರೆಯು ಉದ್ಘಾಟಿಸಿದ ರಾಯಲ್ ಆಪೆರಾ ಹೌಸಿನಿಂದ ನಾಟಕದ ಬೀದಿಯು ಗಿರ್ಗಾಂವಿನ ಕಡೆಗೆ ಸರಿಯಿತು. ಆದರೆ 1931ರ ಮಾರ್ಚ್ 14ರಂದು ಅದೇ ಗಿರ್ಗಾಂವಿನ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ 'ಆಲಂ ಆರಾ' ಎಂಬ ಮೊದಲ ವಾಕ್ಚಿತ್ರವು ತೆರೆಕಂಡಿತು. ಪಿಲಾ ಹೌಸಿನ ನಾಟಕಗೃಹಗಳು ಒಂದೊಂದಾಗಿ ಚಿತ್ರಮಂದಿರಗಳಾದವು. ರಿಪನ್ ನಾಟಕಗೃಹವು ಆಲ್ಫ್ರೆಡ್ ಚಿತ್ರಮಂದಿರವಾಯಿತು. ಆಟದ ಬೀದಿ ಮತ್ತೆ ನೆಲೆ ಹುಡುಕಬೇಕಾಯಿತು. ಆ ನೆಲೆ ಉತ್ತರದಲ್ಲಿ ಸಿದ್ಧವಾಗುತ್ತಿತ್ತು.

1896ರ ಪ್ಲೇಗಿನ ಅನಂತರ ಸ್ಥಾಪಿತವಾದ ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ್, ಮಾಟುಂಗಾ, ಸಾಯನ್ ಭಾಗಗಳಲ್ಲಿ ಅಗಲವಾದ ಬೀದಿಗಳ ಬಡಾವಣೆಗಳನ್ನು ರೂಪಿಸಿತು. ಕಚೇರಿಗಳಲ್ಲಿ ದುಡಿಯುವ ದಕ್ಷಿಣ ಭಾರತದ ಗುಮಾಸ್ತರು ಮಾಟುಂಗಾದಲ್ಲಿ ನೆಲೆಸಿದರು. 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿ, ಕನ್ನಡ ನಾಟಕಕ್ಕೂ ಸಂಗೀತಕ್ಕೂ ಇಲ್ಲಿ ಆಶ್ರಯ ದೊರೆಯಿತು. ಈ ಗುಮಾಸ್ತರಲ್ಲಿ ಬಹುಮಂದಿ ಹೆಂಡತಿಮಕ್ಕಳನ್ನು ಊರಿನಲ್ಲಿ ಬಿಟ್ಟುಬಂದವರು, ಇಲ್ಲವೆ ಮದುವೆಯಾಗದ ತರುಣರು. ಇವರಿಗೆ ಅನ್ನ, ಸಾರು, ಹುಳಿ, ಪಲ್ಯ ಬಡಿಸುವವರು ಬೇಕಾಗಿದ್ದರು. ದಕ್ಷಿಣ ಕನ್ನಡದಿಂದ ಬಂದ ಎ. ರಾಮ ನಾಯಕರು 1936ರಲ್ಲಿ ಕಿಂಗ್ಸ್ ಸರ್ಕಲಿನ ಬಳಿ ಕೆಫೆ ಮೈಸೂರನ್ನೂ 1942ರಲ್ಲಿ ಮಾಟುಂಗಾ ನಿಲ್ದಾಣದ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನೂ ತೆರೆದರು. ಈ ಎರಡರ ನಡುವೆ 1940ರಲ್ಲಿ ಕೆಫೆ ಮದ್ರಾಸ್ ಮೊದಲಾಯಿತು. ಯುದ್ಧದ ಕಾಲವದು; 1943ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಪಡಿತರ ಪದ್ಧತಿ ಜಾರಿಗೆ ಬಂದಿತು. ಅಕ್ಕಿಯೇ ತೂಕಕ್ಕೆ ಸಿಗುವ ದಿನಗಳಲ್ಲಿ ಬಾಳೆಯೆಲೆ ಹಾಸಿ ಊಟ ಬಡಿಸುವ ವ್ಯವಹಾರವನ್ನು ಉಳಿಸಿಕೊಂಡುದು ಸಾಮಾನ್ಯ ಸಾಹಸವಲ್ಲ.

ಉಡುಪಿ ಹೋಟೆಲಿನ ಲೆಕ್ಕಾಚಾರವು ನಾಟಕದ ಬೀದಿಗೆ ಹೇಳಿ ಮಾಡಿಸಿದಂತಿದ್ದಿತು. ತಟ್ಟೆಯೊಂದರ ಮೇಲಿನ ಲಾಭ ಅಲ್ಪ. ಆದುದರಿಂದ ಒಂದು ಮೇಜು ಸಂಜೆಯೊಂದರಲ್ಲಿ ಎಷ್ಟು ಸಲ ಬರಿದಾಗಿ ತುಂಬುವುದೋ ಅದರ ಮೇಲೆಯೇ ಅಂಗಡಿಯ ಏಳುಬೀಳು. ಇಡ್ಲಿ, ವಡೆ, ದೋಸೆಗಳ ಹಿಟ್ಟು ಹಿಂದಿನ ದಿನವೇ ರುಬ್ಬಿ ಸಿದ್ಧವಾಗಿರುವುದರಿಂದ ಬಂದವನು ಕಾಯಬೇಕಾಗಿಲ್ಲ. ತೆರೆ ಏಳಲು ಇಪ್ಪತ್ತು ನಿಮಿಷವಿರುವಾಗ ಒಳಗೆ ಬಂದವನು ಹದಿನೈದು ನಿಮಿಷದಲ್ಲಿ ಕಾಫಿ ಮುಗಿಸಿ ಏಳಬಲ್ಲನು. ಬಂಡವಾಳವೂ ಬಹಳಮಟ್ಟಿಗೆ ನಂಟರಿಂದಲೂ ಊರವರಿಂದಲೂ ಕೂಡಿಬರುತ್ತಿತ್ತು. ಈ ಜನ ಹುಟ್ಟಿದ ಕರಾವಳಿಯು ಚಿಕ್ಕ ಉಳಿತಾಯದ ಶಿಸ್ತಿಗೆ ಹೆಸರಾದ ನೆಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕೂ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕೂ, 1925ರಲ್ಲಿ ಉಡುಪಿಯಲ್ಲಿಯೇ ಸಿಂಡಿಕೇಟ್ ಬ್ಯಾಂಕೂ, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕೂ ಹುಟ್ಟಿದವು. 1928ರಲ್ಲಿ ಮೊದಲಾದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದರು. ಇವುಗಳಲ್ಲಿ ಕೆನರಾ ಬ್ಯಾಂಕಿನ ಹೊರತು ಉಳಿದ ಮೂರೂ 2019 ಮತ್ತು 2020ರ ವಿಲೀನಗಳಲ್ಲಿ ಹೆಸರು ಕಳೆದುಕೊಂಡವು. ಮುಂಬಯಿಯಲ್ಲಿಯೂ ಬಿಲ್ಲವರ ಸಂಘಟನೆಯಿಂದ 1978ರಲ್ಲಿ ಭಾರತ್ ಸಹಕಾರಿ ಬ್ಯಾಂಕು ಹುಟ್ಟಿತು. ದಿನದ ಗಲ್ಲದಿಂದ ಚಿಲ್ಲರೆ ಎತ್ತಿಡುವ ಅಭ್ಯಾಸ ಹೋಟೆಲುಗಾರನಿಗೂ ಈ ಬ್ಯಾಂಕುಗಳಿಗೂ ಸಮಾನವಾದುದು.

ಸ್ವಾತಂತ್ರ್ಯದ ಅನಂತರ ನಾಟಕಗೃಹಗಳ ನಿರ್ಮಾಣದಲ್ಲಿ ಹೊಸ ಅಲೆಯೊಂದು ಬಂದಿತು. 1963ರಲ್ಲಿ ಕಿಂಗ್ಸ್ ಸರ್ಕಲಿನ ಬಳಿ ಷಣ್ಮುಖಾನಂದ ಸಭಾಗೃಹವೂ, 1964ರಲ್ಲಿ ಗಿರ್ಗಾಂವಿನ ಕೇಳೇವಾಡಿಯಲ್ಲಿ ಮರಾಠಿ ಸಾಹಿತ್ಯ ಸಂಘದ ಮಂದಿರವೂ, 1965ರಲ್ಲಿ ದಾದರಿನಲ್ಲಿ ಶಿವಾಜಿ ಮಂದಿರವೂ ತೆರೆದವು. ರಾತ್ರಿಯಿಡೀ ನಡೆಯುತ್ತಿದ್ದ ಆಟ ಆ ವೇಳೆಗೆ ಮೂರು ಗಂಟೆಗೆ ಇಳಿದಿತ್ತು. ಕಾರಣ ಸ್ಪಷ್ಟ: ಪ್ರೇಕ್ಷಕನು ಈಗ ದೂರದವನು. 1928ರಲ್ಲಿ ಬೋರಿವಲಿಯವರೆಗೂ 1936ರಲ್ಲಿ ವಿರಾರಿನವರೆಗೂ ವಿದ್ಯುತ್ ರೈಲು ಓಡತೊಡಗಿದ ಮೇಲೆ ನಗರದ ಮಧ್ಯಮವರ್ಗವು ಆ ಹಳಿಯ ಉದ್ದಕ್ಕೂ ಹರಡಿಕೊಂಡಿತು. ಕೊನೆಯ ಗಾಡಿಯ ವೇಳೆಯೇ ನಾಟಕದ ಕೊನೆಯ ಅಂಕದ ಉದ್ದವನ್ನು ನಿರ್ಣಯಿಸತೊಡಗಿತು. ಆಟದ ಹೊತ್ತು ಮೊಟಕಾದಂತೆ ಊಟವೂ ಮೊಟಕಾಗಿ, ಮಧ್ಯಂತರದ ತಿಂಡಿ ಮುಖ್ಯವಾಯಿತು. ಶಿವಾಜಿ ಮಂದಿರದ ಬಟಾಟೆ ವಡೆಯು ನಾಟಕದಷ್ಟೇ ಪ್ರಸಿದ್ಧವಾದುದು ಈ ಕಾರಣದಿಂದಲೇ.

ಇಷ್ಟರವರೆಗಿನ ಚರಿತ್ರೆಯು ಮೇಜಿನ ಒಂದು ಮಗ್ಗುಲಿನದು. ಇನ್ನೊಂದು ಮಗ್ಗುಲಿನಲ್ಲಿ ನಿಂತು ಬಡಿಸಿದವನ ಚರಿತ್ರೆ ಬೇರೆ. ಕುಂದಾಪುರ, ಉಡುಪಿ, ಕಾರ್ಕಳ, ಮೂಲ್ಕಿಗಳಿಂದ ಬಂದ ಹುಡುಗನು ಹೋಟೆಲಿನಲ್ಲೇ ಉಂಡು ಹೋಟೆಲಿನಲ್ಲೇ ಮಲಗುತ್ತಿದ್ದನು. ಪ್ರೇಕ್ಷಕನು ಆಟಕ್ಕೆ ಹೋಗುವ ಹೊತ್ತೇ ಅವನ ದುಡಿಮೆಯ ಬಿರುಸಿನ ಹೊತ್ತು. ಆಟ ಬಿಟ್ಟ ಹೊತ್ತು ಪಾತ್ರೆ ತೊಳೆಯುವ ಹೊತ್ತು. ನಾಟಕಗೃಹದಿಂದ ಕೂಗಳತೆಯಲ್ಲಿ ವರ್ಷಗಳನ್ನು ಕಳೆದರೂ ಅವನು ನಾಟಕವನ್ನು ನೋಡುವಂತಿರಲಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧವಾಯಿತು. ಅದಕ್ಕೆ ಮೊದಲಿನ ತಲೆಮಾರುಗಳ ಬಾಲ್ಯವನ್ನು ಯಾವ ಕಾಯಿದೆಯೂ ಮರಳಿ ಕೊಡಲಾರದು.

ಆ ಹುಡುಗರ ಕೈಹಿಡಿದವು ಸಮಾಜದ ಸಂಘಗಳೂ ರಾತ್ರಿಶಾಲೆಗಳೂ. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯೂ 1927ರಲ್ಲಿ ಬಂಟರ ಸಂಘವೂ 1932ರಲ್ಲಿ ಬಿಲ್ಲವರ ಅಸೋಸಿಯೇಷನ್ನೂ ಮುಂಬಯಿಯಲ್ಲಿ ಸ್ಥಾಪನೆಗೊಂಡವು. ದಿನವೆಲ್ಲ ದುಡಿದು ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ಕುಳಿತು ಕಲಿತವರು ಮುಂದೆ ಗುಮಾಸ್ತರೂ ವಕೀಲರೂ ಅಧ್ಯಾಪಕರೂ ಹೋಟೆಲಿನ ಒಡೆಯರೂ ಆದರು. ಕಲಿತವರು ಕೂಡಿದ ಕಡೆ ನಾಟಕವೂ ಹುಟ್ಟಿತು. ಪಗಾರದವರ ರಂಗಭೂಮಿಯು ಸಂಜೆಯ ಬಿಡುವನ್ನು ಅವಲಂಬಿಸಿದ್ದರೆ, ಹೋಟೆಲಿನವರ ರಂಗಭೂಮಿಯು ಬಾಗಿಲು ಹಾಕಿದ ಮೇಲಿನ ಹೊತ್ತನ್ನು ನೆಚ್ಚಿಕೊಂಡಿತು. ಇದಕ್ಕೆ ಯಕ್ಷಗಾನಕ್ಕಿಂತ ಯೋಗ್ಯವಾದ ಕಲೆಯಿಲ್ಲ. ಇಡೀ ರಾತ್ರಿಯ ಆಟಕ್ಕೆ ನಡುರಾತ್ರಿ ಬಂದವನಿಗೂ ಅರ್ಧದಷ್ಟು ದಕ್ಕುತ್ತದೆ. ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಯಂದು ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರು ಮಳೆಗಾಲದಲ್ಲಿ ಮುಂಬಯಿಗೆ ಬಂದು ಆಡುವ ರೂಢಿ ಬೆಳೆದುದೂ ಈ ಪ್ರೇಕ್ಷಕರ ಬಲದಿಂದಲೇ. ಕರ್ಕಿಯ ಮೇಳವು 1842ರಲ್ಲಿ ಪರೋಕ್ಷವಾಗಿ ಮುಂಬಯಿಗೆ ಕೊಟ್ಟುದನ್ನು ಹೋಟೆಲಿನ ಹುಡುಗರು ನೂರು ವರ್ಷಗಳ ಅನಂತರ ತಮ್ಮ ಗಂಟಲಿನಿಂದಲೂ ಹೆಜ್ಜೆಯಿಂದಲೂ ನೇರವಾಗಿ ಕೊಟ್ಟರೆನ್ನಬಹುದು.

1974ರಿಂದ ದಾದರಿನ ಛಬಿಲದಾಸ ಶಾಲೆಯ ಸಭಾಂಗಣದಲ್ಲಿ ನಡೆದ ಪ್ರಾಯೋಗಿಕ ನಾಟಕಗಳ ಪ್ರೇಕ್ಷಕರು ಆ ಗಲ್ಲಿಯ ಬಟಾಟೆ ವಡೆಯನ್ನು ತಿಂದೇ ಒಳಗೆ ಹೋಗುತ್ತಿದ್ದರು. 1978ರ ನವೆಂಬರ್ 5ರಂದು ಜುಹುವಿನಲ್ಲಿ ತೆರೆದ ಪೃಥ್ವಿ ನಾಟಕಗೃಹದ ಅಂಗಳದಲ್ಲಿ ಉಪಾಹಾರಗೃಹವೂ ನಾಟಕಗೃಹವೂ ಒಂದೇ ಮನೆಯ ಎರಡು ಕೋಣೆಗಳಾದವು. ಅಲ್ಲಿಗೆ ರೈಲಿನ ನಿಲ್ದಾಣ ದೂರ. ಹತ್ತಿರದಲ್ಲಿ ಊಟದ ವ್ಯವಸ್ಥೆಯಿಲ್ಲದಿದ್ದರೆ ಪ್ರೇಕ್ಷಕನು ಬರಲಾರನೆಂಬುದು ಪೃಥ್ವಿಯ ಅಂಗಳದಿಂದಲೇ ತಿಳಿಯುತ್ತದೆ.

ಈ ಉತ್ತರಯಾತ್ರೆಯ ಕೊನೆಯ ಮಜಲು ದಹಿಸರ. ಚರ್ಚ್‌ಗೇಟಿನಿಂದ ಸುಮಾರು 36 ಕಿಲೋಮೀಟರು ದೂರದ ಈ ಊರು 1957ರವರೆಗೆ ಠಾಣೆ ಜಿಲ್ಲೆಗೆ ಸೇರಿದ್ದು, ಆ ವರ್ಷ ಬೃಹನ್ಮುಂಬಯಿಯ ಗಡಿಯೊಳಕ್ಕೆ ಬಂದಿತು. ಕೋಟೆ, ಗಿರ್ಗಾಂವು, ದಾದರುಗಳ ಬಾಡಿಗೆಯ ಕೋಣೆಗಳಲ್ಲಿದ್ದ ಕನ್ನಡ ಕುಟುಂಬಗಳು ಸ್ವಂತ ಮನೆಯ ಆಸೆಯಿಂದ ಬೋರಿವಲಿ, ದಹಿಸರಗಳಿಗೆ ಸರಿದುವು. ವಿಲೇ ಪಾರ್ಲೆಯ ದೀನಾನಾಥ ಮಂಗೇಶಕರ ನಾಟ್ಯಗೃಹವೂ ಬೋರಿವಲಿಯ ಪ್ರಬೋಧನಕಾರ ಠಾಕ್ರೆ ನಾಟ್ಯಗೃಹವೂ ಅವರನ್ನು ಹಿಂಬಾಲಿಸಿ ಬಂದವು. 2022ರ ಏಪ್ರಿಲಿನಿಂದ ದಹಿಸರ ಪೂರ್ವಕ್ಕೆ ಮೆಟ್ರೋ ಗಾಡಿಯೂ ಓಡತೊಡಗಿತು. ಹೀಗೆ ಆಟ, ಗಾಡಿ, ಊಟ ಮೂರೂ ಇಲ್ಲಿ ಈಗ ಕೂಡಿವೆ.

ಇಂದು ನಾಟಕಕ್ಕೆ ಹೋಗುವವರು ಈ ಚರಿತ್ರೆಯನ್ನು ತಟ್ಟೆಯ ಮೇಲೆಯೇ ಕಾಣಬಹುದು. ಷಣ್ಮುಖಾನಂದಕ್ಕಾಗಲಿ ಮೈಸೂರು ಅಸೋಸಿಯೇಷನ್ನಿಗಾಗಲಿ ಹೋಗುವವರಿಗೆ ರಾಮ ನಾಯಕರ ಬೋರ್ಡಿಂಗಿನ ಎಲೆಯೂಟವೂ, ಹೊತ್ತು ಸಾಲದಿದ್ದರೆ ಕೆಫೆ ಮೈಸೂರು, ಕೆಫೆ ಮದ್ರಾಸುಗಳ ದೋಸೆಯೂ ಯೋಗ್ಯ. ಬೋರ್ಡಿಂಗಿನ ಅಡಿಗೆಮನೆಯನ್ನು ಗಿರಾಕಿಗಳು ಒಳಹೊಕ್ಕು ನೋಡಬಹುದೆಂಬುದು ಅದರ ಹಳೆಯ ಮರ್ಯಾದೆ. ಸಾಹಿತ್ಯ ಸಂಘ ಮಂದಿರಕ್ಕೆ ಹೋಗುವವರು ಫಣಸವಾಡಿಯ ವಿನಯ್ ಹೆಲ್ತ್ ಹೋಮಿನ ಮಿಸಳವನ್ನು ತಪ್ಪಿಸಬಾರದು. ಶಿವಾಜಿ ಮಂದಿರಕ್ಕೆ ಹೋಗುವವರಿಗೆ ಆಸ್ವಾದದ ಥಾಲಿಪೀಠವೂ ಪ್ರಕಾಶದ ಸಾಬೂದಾಣಿ ವಡೆಯೂ ಸಮೀಪದಲ್ಲಿವೆ. ದಹಿಸರದವರಿಗೆ ಒಂದು ವ್ಯಾವಹಾರಿಕ ಸೂಚನೆಯೂ ಸಲ್ಲುತ್ತದೆ: ಇಳಿಹೊತ್ತಿನ ಆಟವಾದರೆ ಮುಗಿದ ಮೇಲೆ ಉಣ್ಣುವುದು ಲೇಸು, ರಾತ್ರಿಯ ಆಟವಾದರೆ ಮೊದಲೇ ಉಂಡು, ಹೊರಬಂದೊಡನೆ ಗಾಡಿ ಹಿಡಿಯುವುದು ಲೇಸು.

ಕಟ್ಟಡಗಳಿಗೆ ಕೆಲವೊಮ್ಮೆ ಪುನರ್ಜನ್ಮವುಂಟು. 1993ರಲ್ಲಿ ಮುಚ್ಚಿದ ರಾಯಲ್ ಆಪೆರಾ ಹೌಸು 2016ರಲ್ಲಿ ಜೀರ್ಣೋದ್ಧಾರವಾಗಿ ಮತ್ತೆ ತೆರೆಯಿತು. 1990ರ ಬೆಂಕಿಗೆ ತುತ್ತಾದ ಷಣ್ಮುಖಾನಂದವು 1998ರಲ್ಲಿ ಮತ್ತೆ ಎದ್ದಿತು. ಮುಚ್ಚಿದ ಹೋಟೆಲಿಗೆ ಅಂಥ ಭಾಗ್ಯವಿಲ್ಲ. ಅದರ ದರದ ಫಲಕ, ಗಲ್ಲದ ಪುಸ್ತಕ, ಗೋಡೆಗೆ ಅಂಟಿಸಿದ ಯಕ್ಷಗಾನದ ಕರಪತ್ರ, ಹುಡುಗರ ಪಗಾರದ ಪಟ್ಟಿ ಎಲ್ಲವೂ ಒಂದೇ ದಿನ ರದ್ದಿಯವನ ತಕ್ಕಡಿಗೆ ಹೋಗುತ್ತವೆ. ಯಾವ ವರ್ಷ ಇಡ್ಲಿಗೆ ಎಷ್ಟು ಆಣೆ, ಯಾವ ಆಟಕ್ಕೆ ಯಾರು ಚಂದಾ ಕೊಟ್ಟರು, ಯಾವ ಹುಡುಗ ಯಾವ ಶಾಲೆಗೆ ಹೋದನು ಎಂಬುದಕ್ಕೆ ಆ ಕಾಗದಗಳೇ ಸಾಕ್ಷಿ. ರಾತ್ರಿಶಾಲೆಯಲ್ಲಿ ಕಲಿತ ತಲೆಮಾರಿನವರು ಇನ್ನೂ ಕೆಲವರು ನಮ್ಮ ಉಪನಗರಗಳಲ್ಲಿದ್ದಾರೆ. ಕನ್ನಡ ಸಂಘಗಳು ಅವರ ಮಾತನ್ನು ಬರೆದಿಟ್ಟುಕೊಂಡು, ಹಳೆಯ ಹೋಟೆಲುಗಳ ಲೆಕ್ಕದ ಪುಸ್ತಕಗಳನ್ನು ಕೇಳಿ ಪಡೆದು ಕಾದಿರಿಸುವುದು ತುರ್ತಿನ ಕೆಲಸ. ಮುಂಬಯಿಗೆ ಬಡಿಸಿದವರ ಹೆಸರುಗಳು ಇರುವುದು ಆ ಪುಸ್ತಕಗಳಲ್ಲಿಯೇ.